ಕರಿನೊಣದ ಕಾವಲು

ಚೊಚ್ಚಲ ಬಾಣಂತನ ತಾನೇ ಮಾಡುವೆನೆಂದು ಮಾದೇವಿ ಮಗಳಿಗೆ ಮದುವೆಯ ದಿನವೇ ಮಾತು ಕೊಟ್ಟಿದ್ದಳು. ಆಮೇಲೆ ಕುರುಡು ತರುವ ಕರಿನೊಣ ಗಾಳಿಯೊಂದಿಗೆ ದ್ವೀಪದಿಂದ ದ್ವೀಪಕ್ಕೆ ಹಾರತೊಡಗಿತು. ಅದು ಮೊಟ್ಟೆಯಿಟ್ಟ ದ್ವೀಪದಿಂದ ಯಾರೂ ಹೊರಡುವಂತಿರಲಿಲ್ಲ.

ಹೆರಿಗೆ ಹತ್ತಿರವಾದ ಮಗಳ ಊರಿಗೆ ಹೋಗಲು ದೋಣಿ ಹತ್ತುವ ಮುನ್ನ ಮಾದೇವಿ ಎಂದಿನಂತೆ ಹಳ್ಳದ ಕಲ್ಲೊಂದನ್ನು ಮಗುಚಿ ನೋಡಿದಳು. ಕರಿನೊಣದ ಮರಿಹುಳುಗಳು ಅಂಟಿಕೊಂಡಿದ್ದವು. ನೊಣ ಬಂತೇ ಎಂದು ದ್ವೀಪ ಕಾಯಲು ಇದ್ದವಳು ಅವಳೊಬ್ಬಳೇ. ಕಲ್ಲನ್ನು ಹಾಗೇ ಮುಚ್ಚಿಟ್ಟರೆ ಕೇಳುವವರಿರಲಿಲ್ಲ.

ಅಷ್ಟರಲ್ಲಿ ಮಗಳ ಫೋನು ಬಂತು. "ಆಯಿ, ಹೊರಟ್ಯನೆ? ಅತ್ತೆ ಕಾಸೂ ಕಷಾಯದ ವಾಸನಿಗೇ ಕೂಸು ಹೊರಗೆ ಬರೂಕೆ ಒಪ್ಪುದಿಲ್ಲ."

"ಮೂಗು ಮುಚ್ಕಂಡು ಕುಡಿ ಮಗಾ. ಇಲ್ಲಿ ನೊಣ ಬಂದದೆ."

ಮಾದೇವಿ ಯಾರೂ ಬರಬಾರದು, ಹೋಗಬಾರದೆಂಬ ಬಾವುಟವನ್ನು ಕಂಬಕ್ಕೆ ಏರಿಸಿದಳು. ದಡದ ಹತ್ತಿರ ಬಂದಿದ್ದ ದೋಣಿ ಹಿಂದಕ್ಕೆ ತಿರುಗಿತು.

ಬಾಣಂತನಕ್ಕೆ ಅವಳು ಹೋಗಲಿಲ್ಲ.