ಪಕ್ಕದ ಹಾಸ್ಟೆಲಿನ ಗೇಟು

ಟ್ರಸ್ಟಿನ ಆರು ಹಾಸ್ಟೆಲುಗಳಿಗೂ ಸೇರಿ ಒಂದೇ ಅಪಘಾತ ವಿಮೆ. ಯಾರ ಕಾಂಪೌಂಡಿನಲ್ಲಿ ಅಪಘಾತವಾಗುತ್ತದೋ, ಮರುವರ್ಷ ವಿಮೆಯಲ್ಲಿ ಅವರ ಪಾಲು ದುಪ್ಪಟ್ಟು. ಕಟ್ಟುವವರು ಹುಡುಗರೇ.

ಆ ಮಧ್ಯಾಹ್ನ ಸೀನಿಯರುಗಳ ಒತ್ತಾಯಕ್ಕೆ ಟೆರೇಸಿನ ಕಟ್ಟೆಯ ಮೇಲೆ ನಡೆಯುತ್ತಿದ್ದ ಹೊಸ ಹುಡುಗ ಆಯತಪ್ಪಿ ಕೆಳಗೆ ಬಿದ್ದ.

“ಉಸಿರು ಐತೇನಲೇ?” ಹಾಸ್ಟೆಲಿನ ವಿದ್ಯಾರ್ಥಿ ಕಾರ್ಯದರ್ಶಿ ಓಡಿಬಂದು ಕೇಳಿದ.

“ಐತಿ. ಆಂಬುಲೆನ್ಸ್ ಕರೀಲೇನು?”

“ಇಲ್ಲಿಗೆ ಬ್ಯಾಡ. ಪಕ್ಕದ ಹಾಸ್ಟೆಲಿನ ಗೇಟಿನಾಗ ಮಲಗಿಸಿ ಕರಿಯೋಣ. ಪಾಲು ಅವರಿಗೇ ಬೀಳ್ಲಿ.”

“ದಾರ್‍ಯಾಗ ಸತ್ರ?”

“ಬಾಯಿ ಮುಚ್ಚು. ಕಾಲು ಹಿಡಿ.”

ಬೆಡ್‌ಶೀಟಿನಲ್ಲಿ ಅವನನ್ನು ಹೊತ್ತು ನಾಲ್ವರು ಹಿಂದಿನ ಓಣಿಯಲ್ಲಿ ಓಡಿದರು. ತಿರುವಿನಲ್ಲಿ ಪಕ್ಕದ ಹಾಸ್ಟೆಲಿನ ನಾಲ್ವರು ಇವರ ಗೇಟಿನ ಕಡೆಗೇ ಓಡಿಬರುತ್ತಿದ್ದರು. ಅವರ ಬೆಡ್‌ಶೀಟಿನಲ್ಲೂ ಒಬ್ಬ ನರಳುತ್ತಿದ್ದ.