ತಳದ ಪಾಲು

ಏಳನೆಯ ಪೀಪಾಯಿಯ ಮುಖಕ್ಕೆ ಬಡಿದಿದ್ದ ಉಕ್ಕಿನ ಮೊಳೆಯನ್ನು ಅಕ್ಕ ಇಕ್ಕಳದಿಂದ ಕಿತ್ತಳು. ದಾರದಷ್ಟು ಸಣ್ಣ ಧಾರೆಯೊಂದು ಚಿಮ್ಮಿ, ಅವಳು ಹಿಡಿದ ಗಿಡ್ಡ ಲೋಟದೊಳಗೆ ಕಪ್ಪಗೆ ತುಂಬತೊಡಗಿತು. ಮೂರು ಬೆರಳಿನಷ್ಟಾದೊಡನೆ ಮೊಳೆಯನ್ನು ಅದರ ತೂತಿಗೇ ಇಟ್ಟು ಒತ್ತಿದಳು. ಹಿಂದೆ ವಿಸ್ಕಿಯನ್ನು ಹೊತ್ತಿದ್ದ ಒಂಬತ್ತು ಓಕ್ ಪೀಪಾಯಿಗಳಲ್ಲಿ ಅವಳು ಹದಿನಾಲ್ಕು ತಿಂಗಳು ಇಟ್ಟು ಕಾಯ್ದ ಸ್ಟೌಟ್ ಎಂಬ ಕಪ್ಪು ಬಿಯರಿಗೆ ಅಂದು ಪರೀಕ್ಷೆ.

ಪರೀಕ್ಷಿಸಲು ಬಂದವರನ್ನು ಆ ಕಸುಬಿನವರೆಲ್ಲ ನಾಲಗೆ ಸಾಹೇಬರೆಂದು ಕರೆಯುತ್ತಿದ್ದರು. ಅವರು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದರು, ಮೂಸಿದರು, ಒಂದು ಗುಟುಕನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಿಸಿ ಬಕೆಟ್ಟಿಗೆ ಉಗುಳಿದರು. ಉಪ್ಪಿಲ್ಲದ ಬಿಸ್ಕತ್ತೊಂದನ್ನು ಕಡಿದು ಬಾಯಿ ಶುದ್ಧ ಮಾಡಿಕೊಂಡು ಮತ್ತೊಮ್ಮೆ ಅದನ್ನೇ ಮಾಡಿದರು. ಬಳಿಕ ಅಂಕಪಟ್ಟಿಯಲ್ಲಿ, ದೋಷವೆಂಬಲ್ಲಿ, ಒಂದೇ ಪದ ಬರೆದರು: ಸೀದಿದೆ.

ಅವರ ವಾದ ಸರಳವಾಗಿತ್ತು. ವೆನಿಲ್ಲಾ ಇದೆ, ಮರದ ಘಮವಿದೆ, ಮೈಯೂ ದಪ್ಪಗಿದೆ. ಆದರೆ ಕೊನೆಗೆ ಗಂಟಲಲ್ಲಿ ಉಳಿಯುವುದು ಸುಟ್ಟ ಸಕ್ಕರೆಯ ಕಹಿ. ಲೇಬಲಿನ ಮೇಲೆ ‘ಅಮ್ಮನ ಕೇಕ್’ ಎಂದು ಅಚ್ಚಾಗಿದೆ. ಕೇಕೆಂದು ಕೊಂಡವನು ಸಿಹಿಯನ್ನೇ ಕೇಳುತ್ತಾನೆ. ಪೀಪಾಯಿಗೆ ಅರ್ಧ ಕ್ಯಾನಿನಂತೆ ಚಾಕೊಲೇಟ್ ಸಿರಪ್ ಬೆರೆಸಿದರೆ ದೋಷ ಮುಚ್ಚಿಹೋಗುತ್ತದೆ. ಐದು ಕ್ಯಾನುಗಳು ಆಗಲೇ ಬಂದು ಬಾಗಿಲ ಬಳಿ, ಹೆಣ್ಣು ನೋಡಲು ಬಂದವರಂತೆ, ಸಾಲಾಗಿ ಕುಳಿತಿದ್ದವು. ತರಿಸಿದವನು ತಮ್ಮ.

ತಮ್ಮ ಕಾರ್ಖಾನೆಯ ಯಜಮಾನ. ಲೇಬಲಿಗೆ ಆ ಹೆಸರಿಟ್ಟವನೂ ಅವನೇ. ಬಿಯರು ಕಾಯಿಸಿದವರು ಮೊದಲು, ಪರೀಕ್ಷಕರು ಆಮೇಲೆ, ಯಜಮಾನ ಕಟ್ಟಕಡೆಗೆ ರುಚಿ ನೋಡಬೇಕೆಂಬುದು ತಂದೆ ಹಾಕಿಹೋದ ಕಟ್ಟಳೆ. ಯಜಮಾನನ ಮಾತು ಮೊದಲು ಬಿದ್ದರೆ ಉಳಿದವರ ನಾಲಗೆ ಸುಳ್ಳು ಹೇಳೀತೆಂದು ತಂದೆಗೆ ಭಯವಿತ್ತು. ತಮ್ಮ ಆ ಕಟ್ಟಳೆಯನ್ನು ಎಷ್ಟು ಸವೆಸಿದ್ದನೆಂದರೆ, ಪರೀಕ್ಷಕರು ಬರೆದುದನ್ನು ಓದಿ, ಲೋಟವನ್ನು ಮುಟ್ಟದೆಯೇ ಸಹಿ ಹಾಕಿಬಿಡುತ್ತಿದ್ದ. ಅಂದೂ ಪೆನ್ನಿನ ಮುಚ್ಚಳ ತೆಗೆದ.

ಸಹಿ ಬೀಳಬೇಕಾದ ಜಾಗದ ಮೇಲೆಯೇ ಅಕ್ಕ ಒದ್ದೆ ಲೋಟವನ್ನು ಇಟ್ಟಳು.

“ಎತ್ತಕ್ಕ,” ಎಂದ ತಮ್ಮ.

“ಕುಡಿದು ನೀನೇ ಎತ್ತು.”

“ಅವರು ಬರೆದಿದ್ದಾರಲ್ಲ, ಸೀದಿದೆ ಅಂತ. ಸುಮ್ನೆ ಯಾಕೆ ಹಟ?”

“ಸೀದಿಲ್ಲ ಅಂತ ನಾನೆಲ್ಲಿ ಹೇಳ್ದೆ? ಸಕ್ಕರೆ ಹೊಗೆ ಏಳೋ ತನಕ ಬಾಣಲೆ ಮುಂದೆ ನಿಂತು ಸೀಯಿಸಿದವಳೇ ನಾನು. ಕೈತಪ್ಪಿ ಆಗಿದ್ದಲ್ಲ.”

ನಾಲಗೆ ಸಾಹೇಬರು ಹುಬ್ಬೇರಿಸಿದರು. ತಪ್ಪನ್ನು ಮರದ ಮೇಲೆ, ಹವೆಯ ಮೇಲೆ, ನೀರಿನ ಮೇಲೆ ಹೊರಿಸಿದವರನ್ನು ಅವರು ಮೂವತ್ತು ವರ್ಷ ಕಂಡಿದ್ದರು. ಮೀಸೆ ತಿರುವುವ ಗತ್ತಿನಲ್ಲಿ ಒಪ್ಪಿಕೊಂಡ ಹೆಂಗಸನ್ನು ಕಂಡಿರಲಿಲ್ಲ. ಯಾವ ತಾಯಿಯೂ ಮಕ್ಕಳಿಗೆ ಇಂಥ ಕೇಕು ಮಾಡಿಕೊಡಲಾರಳೆಂದು ಮೆಲ್ಲಗೆ ಅಂದರು.

“ನಮ್ಮಮ್ಮ ಮಾಡ್ತಿದ್ಲು ಸ್ವಾಮಿ. ಇವನಿಗೆ ಮರೆತಿದೆ, ಅಷ್ಟೆ.”

ಆ ತಾಯಿ ಕೇಕನ್ನು ಒಲೆಗಿಟ್ಟು, ಮೊಳಕೆಗೆಂದು ನೆಲದ ಮೇಲೆ ಹರಡಿದ ಬಾರ್ಲಿಯನ್ನು ಮಗುಚಲು ಇದೇ ಕೋಣೆಗೆ ಬರುತ್ತಿದ್ದಳು. ಒಮ್ಮೆಯೂ ಹೊತ್ತಿಗೆ ಸರಿಯಾಗಿ ಹಿಂತಿರುಗಿದವಳಲ್ಲ. ಕೇಕು ಮೇಲೆ ಹತ್ತಿಯಂತೆ ಮೆತ್ತಗೆ, ಕೆಳಗೆ ಇದ್ದಿಲು. ಯಾರಾದರೂ ಮೂಗು ಮುರಿದರೆ, ಸೀದರೇನೇ ಗೊತ್ತಾಗುವುದು ಒಲೆ ಉರಿದಿತ್ತೆಂದು, ಎನ್ನುವಳು. ತಳ ಹಿಡಿದ ಆ ಕರಕಲಿಗಾಗಿಯೇ ಮಕ್ಕಳಿಬ್ಬರಿಗೂ ಜಗಳ. ತಮ್ಮ ಅಕ್ಕನನ್ನು ಮೊಣಕೈಯಿಂದ ಅತ್ತ ತಳ್ಳಿ, ಇಡೀ ಪಾತ್ರೆಯನ್ನು ತಾನೊಬ್ಬನೇ ಬೆರಳಲ್ಲಿ ಬಳಿಯುತ್ತಿದ್ದ. ಆದರೆ ತೀರಿಕೊಂಡವರ ಅಡುಗೆಗೆ ವರ್ಷಕ್ಕೊಂದು ಚಮಚ ಸಕ್ಕರೆ ತಾನಾಗಿಯೇ ಸೇರುತ್ತದೆ. ಈಗ ಅವನು ಬಂದಬಂದವರ ಮುಂದೆ, ಅಮ್ಮನ ಕೇಕೆಂದರೆ ಜೇನು, ಎನ್ನುತ್ತಿದ್ದ.

ಅಕ್ಕ ಇದನ್ನೆಲ್ಲ ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸಿ, ತಮ್ಮನ ಕಡೆ ತಿರುಗಿದಳು.

“ಸಿರಪ್ ಹಾಕೋದು ನಿನ್ನ ಹಕ್ಕು, ಹಾಕ್ಕೋ. ಆದ್ರೆ ಅಮ್ಮನ ಹೆಸರು ತೆಗಿ. ಅದೂ ಬೇಕು, ಇದೂ ಬೇಕು ಅಂದ್ರೆ ಏಪ್ರನ್ ಇಲ್ಲೇ ಬಿಚ್ಚಿಡ್ತೀನಿ. ನಾಳೆಯಿಂದ ನಿನ್ನ ಪೀಪಾಯಿ ಮೊಳೆ ನೀನೇ ಕೀಳು.”

ಬೆದರಿಕೆಯಷ್ಟೇ ಎಂದುಕೊಂಡ ತಮ್ಮ. ಅಷ್ಟರಲ್ಲಿ ಅವಳ ಕೈ ಬೆನ್ನ ಹಿಂದೆ ಹೋಗಿ ಗಂಟನ್ನು ಎಳೆದಿತ್ತು. ಏಪ್ರನ್ನಿನ ಎರಡು ದಾರಗಳೂ ಸಡಿಲಾಗಿ ಜೋತುಬಿದ್ದವು.

ಪೀಡೆ ತೊಲಗಲಿ ಎಂಬಂತೆ ತಮ್ಮ ಲೋಟವನ್ನೆತ್ತಿ, ಕಷಾಯ ಕುಡಿಯುವವನ ಹಾಗೆ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದ. ಕಾಗದದ ಮೇಲೆ ಲೋಟದ ಕಪ್ಪು ಉಂಗುರವೊಂದು ಉಳಿದಿತ್ತು. ಅವನು ಕಣ್ಣು ತೆರೆಯುವುದು ತಡವಾಯಿತು. ತೆರೆದ ಮೇಲೂ ಉಂಗುರವನ್ನಾಗಲಿ, ಕ್ಯಾನುಗಳನ್ನಾಗಲಿ ನೋಡಲಿಲ್ಲ.

ನಾಲಗೆ ಸಾಹೇಬರು ಅಂಕಪಟ್ಟಿಯನ್ನು ಮುಂದಕ್ಕೆ ಸರಿಸಿ, ಸಹಿ ಹಾಕುವಿರಾ ಎಂದು ಕೇಳಿದರು. ಯಜಮಾನನ ತೋರುಬೆರಳು ಲೋಟದೊಳಗಿತ್ತು. ಗೋಡೆಗಂಟಿದ ಕಂದು ನೊರೆಯನ್ನು ಸುತ್ತಲೂ ಬಳಿದು, ತಳವನ್ನು ತಡಕುತ್ತಿತ್ತು. ಐವತ್ತು ದಾಟಿದ ಅವನ ಎಡ ಮೊಣಕೈ, ಅವನಿಗೇ ತಿಳಿಯದಂತೆ ಮೇಲೆದ್ದು, ಅಕ್ಕನಿಗೆ ಅಡ್ಡವಾಗಿ ನಿಂತಿತ್ತು.