ನೆಲ್ಲಿಮರ ಹೇಳಿದ ಹೆಸರುಗಳು

ಮರಗಳಿಗೆ ಮಾತು ಬಂದ ಮೇಲೆ ಕಾಡು ಕಾಯ್ದವರಿಗೆ ಸರ್ಕಾರದ ನಿಧಿ ಹಂಚುವುದು ಸಲೀಸಾಯಿತು ನೋಡಿ. ವರ್ಷಕ್ಕೊಮ್ಮೆ ಮರದ ಮುಂದೆ ಹೆಸರು ದಾಖಲಿಸುವ ಪೆಟ್ಟಿಗೆ ಇಡುತ್ತಾರೆ. ಮರ ತನಗೆ ಗೊತ್ತಿರುವ ಮನುಷ್ಯರ ಹೆಸರು ಹೇಳುತ್ತದೆ, ಅವರ ಕಡೆಯವರಿಗೆ ಪಾಲು. ಮರ ಸುಳ್ಳು ಹೇಳುವುದಿಲ್ಲವಲ್ಲ!

ಈ ಸಲವಾದರೂ ಪಾಲು ಸಿಕ್ಕರೆ ಕಾಡೊಳಗಿನ ತಮ್ಮ ಸೋಲಿಗರ ಹಟ್ಟಿಗೆ, ಪೋಡಿಗೆ, ಆಂಬುಲೆನ್ಸ್ ತರಿಸಬೇಕೆಂದು ಕೇತಮ್ಮ ನೆಲ್ಲಿಮರದ ಬುಡದಲ್ಲಿ ಕೂತಿದ್ದಳು. ಸೊಸೆಗೆ ಏಳು ತಿಂಗಳು. ಅವಳ ಮೊದಲ ಮಗು ಆಸ್ಪತ್ರೆಯ ದಾರಿಯಲ್ಲಿ, ಡೋಲಿಯಲ್ಲೇ ಹೋಗಿತ್ತು.

"ನಂಬರ್ ಮೊಳೆ ಹೊಡೆದ ಗಾರ್ಡ್ ಪುಟ್ಟಣ್ಣ. ಕೊಂಬೆ ಕಡಿದ ಕಂಟ್ರಾಕ್ಟರ್ ಶೇಷಾದ್ರಿ," ಎಂದು ಮರ ಸುಮ್ಮನಾಯಿತು.

"ಅಷ್ಟೇನಾ? ಲೋ, ನಾನು ಕಣಪ್ಪ! ನಲವತ್ತು ವರ್ಸದಿಂದ ನಿನ್ ಮೈಮ್ಯಾಲಿನ ಬಂದಳಿಕೆ ಬಿಡಿಸ್ದೋಳು. ಜಿಂಕೆಗಿರ್ಲಿ ಅಂತ ಅರ್ಧ ಕಾಯಿ ಬುಟ್ಟೋಳು!"

ಪೆಟ್ಟಿಗೆ ತಂದ ಅಧಿಕಾರಿ ದಿವಾಕರ ಒಳ್ಳೆಯ ಮನುಷ್ಯ. "ಅಜ್ಜಿ, ಮರಕ್ಕೆ ನೆನಪಿರೋದು ನೋವು ಮಾತ್ರ. ನಿಮ್ಮ ಜನ ಒಂದು ಗೀರೂ ಹಾಕಿಲ್ಲ, ಅದಕ್ಕೇ ನಿಮಗೆ ಯಾವತ್ತೂ ಪಾಲಿಲ್ಲ. ಪೆಟ್ಟಿಗೆ ಇನ್ನೂ ಮುಚ್ಚಿಲ್ಲ," ಎಂದು ಅತ್ತ ತಿರುಗಿ ನಿಂತ.

ಕೇತಮ್ಮ ಸೊಂಟದ ಕುಡುಗೋಲು ತೆಗೆದಳು. "ಯಾಕ್ ಸಾಮಿ, ನಾವೂ ನಿಮ್ಮಂಗೇ ಆಗ್ಬೇಕಾ?"

ಅವಳು ತೊಗಟೆಯನ್ನೊಮ್ಮೆ ಸವರಿ, ಕಣ್ಣು ಮುಚ್ಚಿ ಬೀಸಿದಳು.

"ಕೇತಮ್ಮ," ಎಂದಿತು ಮರ.

"ಬಂತು ಅಜ್ಜಿ, ಬಂತು!"

ಕೇತಮ್ಮ ಕುಡುಗೋಲು ಬಿಸಾಡಿ ಸೆರಗಿನಿಂದ ಗಾಯ ಒತ್ತಿ ಹಿಡಿದಳು. "ಸಾಕು ಸುಮ್ಕಿರು ಮಗ, ಸುಮ್ಕಿರು," ಎಂದರೂ ಮರ ಅವಳ ಹೆಸರನ್ನೇ ಹೇಳುತ್ತಿತ್ತು.